ಬಾಟಲಿಯ ಜೀವಾಣು ಮತ್ತು ಹೊಲದ ಹೆಂಟೆ: ಕೃಷಿ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕೃಷಿ ಸಚಿವರಿಗೆ,

ನಮಸ್ಕಾರ ಸಾರ್.

ಕೋಲಾರದ ಕಡೆ ಕೆಂಪು ಮಣ್ಣಿನಲ್ಲಿ ರಾಗಿ ಬೆಳೆಯುವವನು ನಾನು. ಬಿತ್ತಿದ ಮೇಲೆ ಜೋರು ಮಳೆ ಬಿದ್ದು, ಎರಡು ದಿನ ಬಿಸಿಲು ಕಾದರೆ ನಮ್ಮ ಹೊಲದ ಮೇಲೆ ಹಪ್ಪಳದಂಥ ಗಟ್ಟಿ ಪದರ ಕಟ್ಟುತ್ತದೆ. ಮೊಳಕೆ ಅದನ್ನು ಸೀಳಿ ಬರಲಾರದೆ ಅಡಿಯಲ್ಲೇ ಸಾಯುತ್ತದೆ. ಮುಂದಿನ ಮಳೆ ಒಳಗೆ ಇಳಿಯದೆ ಬದು ದಾಟಿ ಹರಿದುಹೋಗುತ್ತದೆ.

ಹೋದ ವರ್ಷ ಅಂಗಡಿಯೊಂದರಲ್ಲಿ ಜೀವಾಣು ದ್ರಾವಣ ಕೊಟ್ಟರು. 'ಹಾಕಿ ನೋಡಿ, ಮಣ್ಣು ಹತ್ತಿ ಆಗುತ್ತೆ' ಅಂದರು. ನಂಬಿ ಹಾಕಿದೆ. ಕೊಯ್ಲಾದ ಮೇಲೆ ಎರಡು ಕಡೆಯಿಂದ ಒಣ ಹೆಂಟೆ ತಂದು, ಎರಡು ಲೋಟ ನೀರಿಗೆ ಮೆಲ್ಲಗೆ ಬಿಟ್ಟೆ. ಬರೀ ದ್ರಾವಣ ಕುಡಿದ ಹೊಲದ ಹೆಂಟೆ ಗುಳುಗುಳು ಗುಳ್ಳೆ ಬಿಟ್ಟು ನಿಮಿಷದೊಳಗೆ ಕೆಸರಾಯಿತು. ಹೀಗೆ ನೀರಿಗೆ ಕರಗುವ ಮಣ್ಣೇ ಮಳೆ ಬಿದ್ದ ಮೇಲೆ ಹಪ್ಪಳ ಕಟ್ಟುವುದು. ಇನ್ನೊಂದು ತಿಪ್ಪೆ ಪಕ್ಕದ ಮಡಿಯದು. ಅಲ್ಲಿಗೆ ವರ್ಷಾವರ್ಷ ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು ಬೀಳುತ್ತದೆ, ಬಾಟಲಿ ಮಾತ್ರ ಯಾವತ್ತೂ ಹೋಗಿಲ್ಲ. ಆ ಹೆಂಟೆ ಅರ್ಧ ಗಂಟೆಯಾದರೂ ಹಾಗೇ ಕೂತಿತ್ತು. ಒಡೆದರೆ ಒಳಗೆಲ್ಲ ಕೂದಲಿನಂಥ ಬೇರು, ಸಣ್ಣ ಸಣ್ಣ ತೂತು.

ಜೀವಾಣು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಮಣ್ಣಿಗೆ ಹದ ಬರುವುದರಲ್ಲಿ ಅವುಗಳ ಪಾಲು ದೊಡ್ಡದು. ಬ್ಯಾಕ್ಟೀರಿಯಾ ಬಿಡುವ ಅಂಟು ಮಣ್ಣಿನ ಕಣಗಳನ್ನು ಕೂಡಿಸಿ ಸಣ್ಣ ಹರಳು ಮಾಡುತ್ತದೆ. ಗಿಡದ ಬೇರಿನ ಜೊತೆ ಬದುಕುವ ಮೈಕೊರೈಜಾ ಶಿಲೀಂಧ್ರದ ಎಳೆಗಳು ಬೇರಿನಿಂದ ಹೊರಟು ಆ ಹರಳುಗಳನ್ನು ಬಲೆಯಂತೆ ಹಿಡಿಯುತ್ತವೆ. ಹರಳುಗಳ ಸಂದಿಯಲ್ಲೇ ನೀರು, ಗಾಳಿ ಓಡಾಡುವುದು. ಆದರೆ ಅವಕ್ಕೂ ಊಟ ಬೇಕಲ್ವಾ? ಸೊಪ್ಪು, ಸಗಣಿ, ಕೂಳೆ ಏನೂ ಇಲ್ಲದ ಹೊಲಕ್ಕೆ ಸುರಿದರೆ, ಹಸಿವು, ಬಿಸಿಲು, ಮೊದಲೇ ಅಲ್ಲಿರುವ ಜೀವಾಣುಗಳ ಪೈಪೋಟಿ ಸೇರಿ ಬಹುಪಾಲು ಸತ್ತೇ ಹೋಗುತ್ತವೆ. ಟ್ರ್ಯಾಕ್ಟರ್ ತುಳಿದು ಅಡಿಯಲ್ಲಿ ಕಟ್ಟಿದ ಗಟ್ಟಿ ಪದರವನ್ನಂತೂ ಯಾವ ದ್ರಾವಣವೂ ಒಡೆಯಲಾರದು.

ಜೈವಿಕ ಗೊಬ್ಬರಗಳು, ಅಂದರೆ ಜೀವಾಣು ತುಂಬಿ ಮಾರುವ ಗೊಬ್ಬರಗಳು, 2006ರಿಂದ ಕೇಂದ್ರದ ರಸಗೊಬ್ಬರ ನಿಯಂತ್ರಣ ಆದೇಶದಡಿ ಇವೆ. ಬೇಳೆಕಾಳು ಬೆಳೆಗೆ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾದ ಪುಡಿಯ ಒಂದು ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಾಣು ಇರಬೇಕು ಅನ್ನುತ್ತದೆ ನಿಯಮ. ಆ ಎಣಿಕೆ ಬೇಕೇ ಬೇಕು. ಆದರೆ ಮಣ್ಣು ಸಡಿಲವಾಯಿತೇ ಅನ್ನುವುದನ್ನು ಅದು ಹೇಳುವುದಿಲ್ಲ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲೂ ಇಲ್ಲ. ಸಾರಜನಕ, ರಂಜಕ, ಸತು, ಸಾವಯವ ಇಂಗಾಲ ಅಂತ 12 ಅಂಶ ಇವೆ. ನೀರು ಎಷ್ಟು ಬೇಗ ಇಂಗುತ್ತದೆ, ಹೆಂಟೆ ನೀರಿಗೆ ತಡೆಯುತ್ತದಾ, ಇವೆರಡೂ ಅದರಲ್ಲಿಲ್ಲ.

ನನ್ನ ಎರಡು ಲೋಟ ಇಡೀ ರಾಜ್ಯಕ್ಕೆ ಪುರಾವೆ ಆಗುವುದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿರುವುದು. ಬೆಂಗಳೂರು, ಧಾರವಾಡ ಕೃಷಿ ವಿಶ್ವವಿದ್ಯಾಲಯಗಳಿಗೆ ಹೇಳಿ, ಕೆಂಪು ಮಣ್ಣಿನಲ್ಲೂ ಎರೆ ಮಣ್ಣಿನಲ್ಲೂ ಪಕ್ಕಪಕ್ಕ ಮಡಿ ಮಾಡಿಸಿ. ಬರೀ ಜೀವಾಣು, ಬರೀ ಗೊಬ್ಬರ, ಎರಡೂ, ಏನೂ ಇಲ್ಲದ್ದು. ಒಂದೇ ಹಂಗಾಮಿಗೆ ಮಣ್ಣಿನ ಹದ ಬದಲಾಗದು, ಮೂರು ನಾಲ್ಕು ವರ್ಷ ನಡೆಸಿ, ಫಲಿತಾಂಶವನ್ನು ಕನ್ನಡದಲ್ಲೇ ಕೊಡಿ. ಅಲ್ಲಿಯವರೆಗೆ, ಮಣ್ಣು ಸಡಿಲವಾಗುತ್ತದೆ ಅಂತ ಮಾರುವವರ ಹತ್ತಿರ ಹೊಲದ ಪುರಾವೆ ಕೇಳಿ.

ರೈತ ಸಂಪರ್ಕ ಕೇಂದ್ರಗಳಿಗೆ ಒಂದೊಂದು ಕಬ್ಬಿಣದ ಬಳೆ ಕೊಡಿಸಿ. ನೆಲಕ್ಕೆ ಊರಿ, ನೀರು ಹೊಯ್ದು, ಇಂಗಲು ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿದರಾಯಿತು. ಮೊದಲ ಬಳೆಯನ್ನು ನನ್ನ ಹೊಲದಲ್ಲೇ ಊರಬಹುದು. ಎರಡೂ ಮಡಿ ಹಾಗೇ ಇಟ್ಟಿದ್ದೇನೆ.

ಇಂತಿ,
ಕೋಲಾರ ಜಿಲ್ಲೆಯ ಒಬ್ಬ ರೈತ