ಹೊಟ್ಟೆನೋವು ಅಂತ ಬರೆದಿಲ್ಲ ಅಜ್ಜಿ

ಅಂತೂ ಪಿಎಚ್‌ಡಿ ವೈವಾ ಮುಗಿಯಿತು. ನಾಲ್ಕು ವರ್ಷ ಕೊಡಗಿನ ಆತ್ಮಹತ್ಯೆ, ಅಸಹಜ ಸಾವುಗಳ ಹಿಂದೆ ಸುತ್ತಿದೆ. "ನಿಂಗೆ ಬೇರೆ ವಿಷಯ ಸಿಗಲಿಲ್ವಾ?" ಅಂತ ಕೇಳಿದವರೇ ಜಾಸ್ತಿ. ಅವರಿಗೂ ಥ್ಯಾಂಕ್ಸ್. ಹಾಗೆ ಕೇಳಿದವರೇ ಕೂರಿಸಿ ಊಟ ಹಾಕಿದ್ದು.

ಮೊದಲು ನೆನೆಯಬೇಕಾದ್ದು ಒಬ್ಬ ರೈಟರ್ ಅವರನ್ನು. (ನಮ್ಮಲ್ಲಿ ರೈಟರ್ ಅಂದ್ರೆ ತೋಟದವರು ಅಂದುಕೊಳ್ತಾರೆ, ಇವರು ಪೊಲೀಸ್ ಠಾಣೆಯಲ್ಲಿ ಫೈಲು ಬರೆಯುವವರು.) ಅನುಮತಿ ಪತ್ರ ನೋಡಿ, ಯುಡಿಆರ್ (ಅಸಹಜ ಸಾವಿನ ವರದಿ) ಫೈಲುಗಳ ಕಟ್ಟನ್ನು ಮೇಜಿನ ಮೇಲಿಟ್ಟು, "ಓದಮ್ಮ, ಆದ್ರೆ ಕಾರಣದ ಸಾಲು ನಂಬಬೇಡ, ಅದು ನಾನೇ ಬರೆದಿದ್ದು" ಅಂದರು. ಹೊಟ್ಟೆನೋವು ತಾಳಲಾರದೆ. ಜೀವನದಲ್ಲಿ ಜಿಗುಪ್ಸೆಗೊಂಡು. ಪುಟ ತಿರುಗಿಸಿದರೆ ಮತ್ತೆ ಹೊಟ್ಟೆನೋವು. ಕೇಸು ಬೇಗ ಮುಗಿಯಲಿ, ಪೋಸ್ಟ್ ಮಾರ್ಟಂ ಆಗಿ ಸಂಜೆಯೊಳಗೆ ಹೆಣ ಸಿಗಲಿ ಅಂತ ಮನೆಯವರೂ ಹಾಗೇ ಹೇಳಿಬಿಡ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ಪಟ್ಟಿಗೆ ಹೋಗುವುದು ಇಂಥ ಸಾಲುಗಳೇ. 2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆ, ಅದರಲ್ಲಿ ಶೇ 18.4 'ಕಾಯಿಲೆ'ಯ ಖಾನೆಯಲ್ಲಿ. ಆ ಅಂಕಿ ಕಂಡಾಗಲೆಲ್ಲ ರೈಟರ್ ಮುಖ ನೆನಪಾಗುತ್ತದೆ.

ಸಾಲಿನ ಹಿಂದಿನ ಕಥೆ ಹೇಳಿದವರು ಮನೆಯವರು. ಇಲ್ಲಿನ ಎರವ ಬುಡಕಟ್ಟಿನವರ ಭಾಷೆ ಬಲ್ಲ ಆಶಾ ಅಕ್ಕ ಜೊತೆಗಿಲ್ಲದಿದ್ದರೆ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ನಂಗೆ ಯಾರೂ ಏನೂ ಹೇಳುತ್ತಿರಲಿಲ್ಲ. ಅಲ್ಲೇ ಒಬ್ಬ ಅಜ್ಜಿ ಬೆಲ್ಲದ ಕಾಫಿ ಕೊಟ್ಟರು. ಗೋಡೆಯ ಮೊಳೆಯಲ್ಲಿ ಮಗನ ರೇನ್‌ಕೋಟ್. ಎರಡು ಮಳೆಗಾಲ ಕಳೆದರೂ ಜೇಬಿನಲ್ಲಿದ್ದ ಎಲೆ ಅಡಿಕೆ ಪೊಟ್ಟಣ ತೆಗೆದಿರಲಿಲ್ಲ. ತೋಟದಲ್ಲಿ ತಗೊಂಡ ಮುಂಗಡ, ಕುಡಿತ, ತವರಿಗೆ ಹೋದ ಹೆಂಡತಿ, ಮಳೆಗೆ ಕೆಲಸವೇ ಇಲ್ಲದ ಮೂರು ವಾರ, ಎಲ್ಲ ಬಂತು. ಆಮೇಲೆ, "ಹೊಟ್ಟೆನೋವು ಇರ್ಲಿಲ್ಲ ಮಗಳೇ, ಹಾಗಂತ ಹೇಳಿದ್ದು ನಾನೇ" ಅಂದರು. ನಾನು ಪೆನ್ನು ಕೆಳಗಿಟ್ಟೆ.

ಇನ್ನೊಂದು ಮನೆಯಲ್ಲಿ ಮಗಳು ಬದುಕಿ ಉಳಿದಿದ್ದಳು. ಕೇಸಾಗುತ್ತೆ ಅಂತ ತಾಯಿ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದರು. ಹೀಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿದು ಆರೈಕೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತೆ ಅಂದಾಗ, "ಇದನ್ನ ಆಗ್ಲೇ ಯಾರಾದ್ರೂ ಹೇಳ್ಬೋದಿತ್ತಲ್ವಾ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಪೊನ್ನಂಪೇಟೆ ಕಡೆಯ ಒಬ್ಬ ಹಿರಿಯರಿಗೂ ನಮಸ್ಕಾರ. ಮನೆಯ ಹುಡುಗ ತೀರಾ ಕುಗ್ಗಿದ್ದ ದಿನಗಳಲ್ಲಿ ಅವರು ಸದ್ದಿಲ್ಲದೆ ಕೋವಿಯನ್ನು ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲಮನೆಗೆ, ಸಾಗಿಸಿದ್ದರು. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜೆ ಮಾಡಿದ್ದೂ ಅಲ್ಲೇ. ಅಪಾಯದ ವಸ್ತು ಕೈಗೆ ಸಿಗದಂತೆ ದೂರ ಇಡಬೇಕು ಅಂತ ನಾನು ಒಂದು ಇಡೀ ಅಧ್ಯಾಯದಲ್ಲಿ ಬರೆದದ್ದನ್ನು ಅವರು ಯಾರೂ ಹೇಳದೆ ಮಾಡಿದ್ದರು.

ನಮ್ಮ ಗೈಡ್ ಮೇಡಂ ಬೈದಿದ್ದಕ್ಕೂ ಥ್ಯಾಂಕ್ಸ್. ತೋಟದ ಮದ್ದನ್ನು (ಕೀಟನಾಶಕ) ಇಡಲು ಮನೆಮನೆಗೂ ಬೀಗದ ಪೆಟ್ಟಿಗೆ ಹಂಚಿದರೆ ಸಾಕು ಅಂತ ಜೋರಾಗಿ ಬರೆದಿದ್ದೆ. ಶ್ರೀಲಂಕಾದ 180 ಹಳ್ಳಿಗಳಲ್ಲಿ ಅದನ್ನೇ ಪರೀಕ್ಷೆ ಮಾಡಿ, ಪ್ರಯೋಜನ ಕಾಣಲಿಲ್ಲ ಅಂತ 2017ರಲ್ಲೇ ವರದಿ ಬಂದಿದೆ, ಮೊದಲು ಓದು ಅಂದರು. ಅದೇ ದೇಶದಲ್ಲಿ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಸಾವುಗಳು ಇಳಿದವು. ಆ ಅಧ್ಯಾಯ ಪೂರ್ತಿ ಹೊಸದಾಗಿ ಬರೆದೆ.

ಒಂದು ಸಹಿಗೆ ಐದು ತಿಂಗಳು ಕಾಯಿಸಿದ ಕಚೇರಿಗೆ ಥ್ಯಾಂಕ್ಸ್ ಇಲ್ಲ.

ಮೂರನೇ ವರ್ಷ, ಹದಿನೇಳರ ಹುಡುಗಿಯ ಮನೆಗೆ ಹೋಗಿ ಬಂದ ಮೇಲೆ ಎರಡು ತಿಂಗಳು ಕೆಲಸ ನಿಲ್ಲಿಸಿದ್ದೆ. ಅಮ್ಮ ಏನೂ ಕೇಳದೆ, ಸುಮ್ನೆ ಮುಂದೆ ಮೊರ ಇಟ್ಟು ಕಾಳುಮೆಣಸು ಆರಿಸಲು ಕೂರಿಸಿದರು. ಹೋದ ಮನೆಯಲ್ಲೆಲ್ಲ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಬರೆದುಕೊಟ್ಟು ಬರುತ್ತಿದ್ದ ನಾನೇ ಒಂದು ರಾತ್ರಿ ಅದಕ್ಕೆ ಫೋನ್ ಮಾಡಿದೆ. ಆ ಕಡೆಯಿಂದ ಕನ್ನಡದಲ್ಲಿ ಮಾತಾಡಿದ ಅಕ್ಕ, ನಿಮ್ಮ ಹೆಸರು ಗೊತ್ತಿಲ್ಲ, ನಿಮಗೆ ದೊಡ್ಡ ಥ್ಯಾಂಕ್ಸ್.

ಅಜ್ಜಿಗೆ ಇಂಗ್ಲಿಷಿನ ದಪ್ಪ ಪುಸ್ತಕ ಬೇಕಾಗಿಲ್ಲ. ನಿನ್ನೆ ಆಶಾ ಅಕ್ಕನ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು. ಇಲ್ಲ ಅಜ್ಜಿ, ಹೊಟ್ಟೆನೋವು ಅಂತ ಬರೆದಿಲ್ಲ. ಭಾನುವಾರ ಬರ್ತೀನಿ.