ಡಬ್ಬಿ ಮೇಲಿನ ‘1000 ಮೀಟರ್’ ನೆಚ್ಚಬೇಡಿ

ಸಂಪಾದಕರಿಗೆ,

ಮಾನ್ಯರೇ,

ಆರ್ಚರಿ, ಗಾಲ್ಫ್, ಚಾರಣಕ್ಕೆಂದು ದೂರ ಅಳೆಯುವ ಲೇಸರ್ ರೇಂಜ್‌ ಫೈಂಡರ್ ಕೊಳ್ಳುವವರು ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. ಆದರೆ ಹಲವರು ನೋಡುವುದು ಡಬ್ಬಿ ಮೇಲೆ ದಪ್ಪಕ್ಷರದಲ್ಲಿರುವ ‘1000 ಮೀಟರ್’ ಒಂದನ್ನೇ. ಅಷ್ಟು ದೂರ ಸಿಗುವುದು ಹೊಳೆಯುವ ರಸ್ತೆ ಫಲಕದಂಥ ಗುರಿಗೆ ಮಾತ್ರ. ಕಪ್ಪತಗುಡ್ಡದಲ್ಲಿ ಗಾಳಿಯಂತ್ರದ ಬಿಳಿ ಕಂಬಕ್ಕೆ ಹಿಡಿದರೆ ಅಂಕಿ ಬರುತ್ತದೆ; ಅಷ್ಟೇ ದೂರದ ಪೊದೆಗೆ ಹಿಡಿದರೆ ಪರದೆಯಲ್ಲಿ ಬರೀ ಗೀಟು. ಇಂಥ ಬಹುತೇಕ ಯಂತ್ರಗಳು ಕಣ್ಣಿಗೆ ಕಾಣದ 905 ನ್ಯಾನೋಮೀಟರ್ ಬೆಳಕನ್ನು ಬಿಟ್ಟು, ಅದು ಹೋಗಿ ಬರುವ ಸಮಯದಿಂದ ದೂರ ಲೆಕ್ಕ ಹಾಕುತ್ತವೆ. ಬಿಸಿಲಲ್ಲೂ ಅದೇ ಬಗೆಯ ಬೆಳಕು ಇರುವುದರಿಂದ ನಡುಹಗಲಲ್ಲಿ ಅಳತೆಯ ದೂರ ಮತ್ತಷ್ಟು ಇಳಿಯುತ್ತದೆ.

ಅಷ್ಟಕ್ಕೂ ಆರ್ಚರಿಗೆ ಬೇಕಾದದ್ದೆಷ್ಟು? ತುದಿ ಹೊರಬಾಗಿದ ರಿಕರ್ವ್ ಬಿಲ್ಲಿಗೆ 70 ಮೀಟರ್, ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ 50. ಒಂದು ಮೀಟರ್ ಆಚೀಚೆ ತೋರಿಸುವ ಯಂತ್ರ ಬೇಡ. ವ್ಯತ್ಯಾಸ ಅರ್ಧ ಮೀಟರ್ ಒಳಗಿರಲಿ. ಅಂಗಡಿಯ ಗಾಜಿನೊಳಗಿಂದ ಪರೀಕ್ಷಿಸಬೇಡಿ, ಗಾಜೇ ಬೆಳಕನ್ನು ಹಿಂದಕ್ಕೆ ಕಳಿಸಬಹುದು. ಮೈದಾನದಲ್ಲಿ 50 ಮೀಟರ್ ಟೇಪ್ ಬಿಗಿಯಾಗಿ ಎಳೆದು, ಮಧ್ಯಾಹ್ನದ ಹೊತ್ತು, ಬಿಳಿ ಹಾಳೆಗೊಮ್ಮೆ, ಮರದ ಕಾಂಡಕ್ಕೊಮ್ಮೆ ಐದೈದು ಸಲ ಹಿಡಿದು ನೋಡಿ. ಗುರಿಯ ಮುಂದೆ ಹುಲ್ಲು, ಕೊಂಬೆ ಅಡ್ಡ ಬಂದರೆ ಕೆಲವು ಯಂತ್ರ ಹುಲ್ಲಿನ ದೂರವನ್ನೇ ಹೇಳುತ್ತವೆ. ಗಾಲ್ಫ್ ಧ್ವಜಕ್ಕೆ ಹತ್ತಿರದ್ದನ್ನು ಹಿಡಿಯುವ ಮೋಡ್ ಸರಿ. ಪೊದೆಯಾಚೆಯ ಗುರಿಗೆ ದೂರದ್ದನ್ನು ಹಿಡಿಯುವ ಮೋಡ್ ಬೇಕು.

ಯಾರ್ಡ್-ಮೀಟರ್ ಗೊಂದಲ ಬೇರೆ. ಯಾರ್ಡ್‌ನಲ್ಲಿರುವ ಪರದೆ 70 ತೋರಿಸಿದರೆ ನಿಜದ ದೂರ 64 ಮೀಟರ್. 70 ಮೀಟರ್ ಎಂದು ಬಿಲ್ಲಿನ ಮೇಲಿನ ಗುರಿ ನೋಡುವ ಸೈಟ್ ಕೂಡಿಸಿದರೆ ಬಾಣ ಮೇಲೆ ಹೋಗುತ್ತದೆ. ಏರಿಳಿತದ ಜಾಗಕ್ಕೆ, ಇಳಿಜಾರಿನ ಕೋನ ಹಿಡಿದು ದೂರ ತಿದ್ದಿ ಹೇಳುವ ಸ್ಲೋಪ್ ಮೋಡ್ ಉಪಯುಕ್ತ: 30 ಡಿಗ್ರಿ ಏರಿನಲ್ಲಿ ನೇರ ದೂರ 60 ಮೀಟರ್ ಇದ್ದರೆ ಬಾಣಕ್ಕೆ ಲೆಕ್ಕ ಸುಮಾರು 52. ಆದರೆ 2019ರ ಗಾಲ್ಫ್ ನಿಯಮದಂತೆ ಸ್ಪರ್ಧೆಯಲ್ಲಿ ಸ್ಲೋಪ್ ಬಳಸುವಂತಿಲ್ಲ, ಅದನ್ನು ಆಫ್ ಮಾಡುವ ಸ್ವಿಚ್ ಇದೆಯೇ ನೋಡಿಕೊಳ್ಳಿ. ಕಾಡುಗುಡ್ಡದಲ್ಲಿ ನಡೆಯುವ ಫೀಲ್ಡ್ ಆರ್ಚರಿ ಸ್ಪರ್ಧೆಗೆ ಯಂತ್ರವನ್ನೇ ಒಯ್ಯುವಂತಿಲ್ಲ.

ಸೆಲ್ ಯಾವುದೆಂದೂ ಕೇಳಿ. ಸಿಆರ್‌2 ಎಂದರೆ ಅಂಗಡಿಯವರು ನಾಣ್ಯದಂಥ ಸಿಆರ್‌2032 ಕೊಟ್ಟುಬಿಡುತ್ತಾರೆ. ಬೇಕಾದದ್ದು ಕೊಳವೆಯಂಥ ಗಿಡ್ಡ ಸೆಲ್. ಯುಎಸ್‌ಬಿ ಚಾರ್ಜಿಂಗ್ ಇರುವುದು ಸಿಕ್ಕರೆ ಈ ರಗಳೆಯೇ ಇಲ್ಲ. ಇನ್ನು ಜಾವೆಲಿನ್, ಗುಂಡು ಎಸೆತ ಅಳೆಯಲೆಂದು ಇದನ್ನು ತರಿಸುವ ಶಾಲೆಗಳು ಹಣ ಉಳಿಸಿಕೊಳ್ಳಲಿ. ಅಲ್ಲಿ ಫಲಿತಾಂಶ ನಿಲ್ಲುವುದು ಸೆಂಟಿಮೀಟರ್ ಮೇಲೆ. ಅದಕ್ಕೆ ಉಕ್ಕಿನ ಟೇಪೇ ಸರಿ.

— ಆರ್ಚರಿ ತರಬೇತುದಾರರು, ಧಾರವಾಡ