ಕಿಟಕಿಯಾಚೆಯ ಆಕಾಶ, ಕಿಟಕಿಯೀಚೆಯ ಬುಟ್ಟಿ

ಜೂನ್ 2020

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಬಿಡುವಿರಲಿಲ್ಲ ಎಂಬ ಹಳೆಯ ನೆಪ ಈ ಕೊರೊನಾ ಲಾಕ್‌ಡೌನಿನಲ್ಲಿ ನಡೆಯುವುದಿಲ್ಲ. ನಿಜ ಹೇಳಬೇಕೆಂದರೆ ನಿನ್ನ ಒಂದು ಸಾಲು ನನ್ನನ್ನು ಕೆಣಕಿತು. ಸಿಟ್ಟಿನಲ್ಲಿ ಉತ್ತರ ಬರೆಯಬಾರದೆಂದು ಕಾದೆ. 'ನಾವು ಇಷ್ಟು ವರ್ಷ ಕೂಗಾಡಿಯೂ ಆಗದ್ದನ್ನು ಒಂದು ವೈರಾಣು ಮೂರು ತಿಂಗಳಲ್ಲಿ ಮಾಡಿ ತೋರಿಸಿತು. ಇನ್ನು ನಮಗೇನು ಕೆಲಸ? ಬಾಗಿಲು ಹಾಕಿಕೊಂಡು ಕುಳಿತರೆ ಅದೇ ಪರಿಸರ ಸೇವೆ' ಎಂದು ಬರೆದಿದ್ದೀಯಲ್ಲ, ಆ ಸಾಲು.

ಆಕಾಶ ತಿಳಿಯಾದದ್ದು ನಿಜ, ಒಪ್ಪುತ್ತೇನೆ. ನಾನೂ ಸಂಜೆ ಹೊತ್ತು ಕಿಟಕಿಯ ಬಳಿ ನಿಂತು ಬೆರಗಾದವನೇ. ಆದರೆ ಏಕೆ ತಿಳಿಯಾಯಿತು ನೋಡು. ವಾಹನಗಳು ಉಗುಳುವ ನೈಟ್ರೋಜನ್ ಡೈಆಕ್ಸೈಡ್ ಗಾಳಿಯಲ್ಲಿ ಕೆಲವೇ ಗಂಟೆಗಳ ಅತಿಥಿ. ಗಾಡಿಗಳು ನಿಂತವು, ಅದೂ ಇಳಿಯಿತು. ಇಂಗಾಲದ ಡೈಆಕ್ಸೈಡ್ ಅಂಥ ಸಂಭಾವಿತ ಅತಿಥಿಯಲ್ಲ. ಒಮ್ಮೆ ಬಂದರೆ ಅದರ ಒಂದು ಪಾಲು ಶತಮಾನಗಟ್ಟಲೆ ಉಳಿದುಬಿಡುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ, ಜಗತ್ತು ಹೆಚ್ಚುಕಡಿಮೆ ಸ್ತಬ್ಧವಾಗಿದ್ದಾಗ, ಅದರ ದಿನದ ಹೊರಸೂಸುವಿಕೆ ಕಳೆದ ವರ್ಷದ ಸರಾಸರಿಗಿಂತ ಶೇಕಡಾ 17ರಷ್ಟು ಇಳಿದಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮರು ತಿಂಗಳೇ ಹವಾಯಿಯ ಮೌನಾ ಲೋವಾ ವೀಕ್ಷಣಾಲಯದಲ್ಲಿ ಅಳೆದಾಗ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ 417 ಇಂಗಾಲದ ಡೈಆಕ್ಸೈಡ್‌ನವು! 1958ರಲ್ಲಿ ಅಲ್ಲಿ ಅಳತೆ ಶುರುವಾದಂದಿನಿಂದ ಯಾವ ತಿಂಗಳೂ ಇಷ್ಟು ಕಂಡಿರಲಿಲ್ಲ. ಈ ತಿಂಗಳು ಕೈಗಡ ಸ್ವಲ್ಪ ಕಡಿಮೆ ತಂದೆ ಎಂದಮಾತ್ರಕ್ಕೆ ಹಳೆಯ ಸಾಲ ಕರಗುತ್ತದೆಯೇ?

ಇನ್ನೂ ಒಂದು ಲೆಕ್ಕವಿದೆ. ಭೂಮಿಯ ತಾಪಮಾನದ ಏರಿಕೆಯನ್ನು 1.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಡೆಯಬೇಕಾದರೆ 2030ರವರೆಗೆ ಪ್ರತಿ ವರ್ಷವೂ ಹೊರಸೂಸುವಿಕೆ ಶೇಕಡಾ 7.6ರಷ್ಟು ಇಳಿಯಬೇಕು ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕಳೆದ ನವೆಂಬರಿನಲ್ಲಿ ಹೇಳಿತ್ತು. ಇಷ್ಟೆಲ್ಲ ಬಾಗಿಲು ಮುಚ್ಚಿಯೂ ಈ ವರ್ಷದ ಇಳಿಕೆ ಶೇಕಡಾ 4ರಿಂದ 7ರ ಒಳಗೇ ಇರಬಹುದು ಎಂಬ ಅಂದಾಜು ಬಂದಿದೆ. ಅದೂ ಎಂಥ ಬೆಲೆ ತೆತ್ತು? ಕೆಲಸ ಕಳೆದುಕೊಂಡವರು, ಹಸಿದವರು, ತಮ್ಮವರ ಮುಖವನ್ನು ಕೊನೆಯ ಬಾರಿ ನೋಡಲೂ ಆಗದವರು. ಇದನ್ನು ಗೆಲುವೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಇನ್ನು ನೀನು ಕಳುಹಿಸಿದ್ದ, ವೆನಿಸ್ಸಿನ ಕಾಲುವೆಗೆ ಡಾಲ್ಫಿನ್ ಮರಳಿದ ವಿಡಿಯೋ ಇದೆಯಲ್ಲ, ಅದನ್ನು ಚಿತ್ರೀಕರಿಸಿದ್ದು ಇಟಲಿಯದೇ ಸಾರ್ಡೀನಿಯಾ ದ್ವೀಪದ ಬಂದರಿನಲ್ಲಂತೆ. ಕಾಲುವೆಯ ನೀರು ತಿಳಿಯಾದದ್ದೂ ದೋಣಿಗಳು ನಿಂತು ಕೆಸರು ತಳ ಸೇರಿದ್ದರಿಂದ. ನಾನೂ ಅದನ್ನು ನಾಲ್ಕು ಜನರಿಗೆ ದಾಟಿಸಿದ್ದೆ, ಆದ್ದರಿಂದ ನಿನ್ನೊಬ್ಬನನ್ನೇ ಬೈಯುವ ಹಾಗಿಲ್ಲ.

ಹಾಗೆಂದು ನಾನೇನೂ ಮೊದಲ ದಿನದಿಂದ ಎಚ್ಚರವಾಗಿದ್ದವನಲ್ಲ. ನಮ್ಮ ಗುಂಪಿನ ಭಾನುವಾರದ ಪರಿಸರ ಕೆಲಸ ನಿಂತಿತು, ಭೂಮಿ ದಿನದ ಐವತ್ತನೆಯ ವರ್ಷ ಪರದೆಯ ಮೇಲೆ ಬಂದು ಹೋಯಿತು, ಗ್ಲಾಸ್ಗೋದ ಹವಾಮಾನ ಸಮ್ಮೇಳನ ಮುಂದಿನ ವರ್ಷಕ್ಕೆ ಹೋಯಿತು. ಎಲ್ಲ ಮುಗಿದ ಮೇಲೆ ನೋಡೋಣ ಎಂದು ನಾನೂ ಕಾಲು ಚಾಚಿದ್ದೆ. ಎಬ್ಬಿಸಿದ್ದು ಕಸದ ಬುಟ್ಟಿ. ಮೊದಲು ಮನೆಯ ಕಸ ಮನೆಯದು, ಕಚೇರಿಯ ಕಸ ಕಚೇರಿಯದು, ದಾರಿಯಲ್ಲಿ ತಿಂದದ್ದರ ಕಸ ಯಾರದೋ. ಈಗ ಎಲ್ಲವೂ ಒಂದೇ ಬುಟ್ಟಿಗೆ ಬಂದು, ನನ್ನ ಇಡೀ ದಿನ ನನ್ನ ಕಣ್ಣೆದುರಿಗೇ ರಾಶಿ ಬಿದ್ದಿತ್ತು. ಒಂದು ವಾರ ಅದನ್ನು ತೂಗಿ ಬರೆದಿಟ್ಟೆ. ಪ್ಲಾಸ್ಟಿಕ್ಕೇ ಹೆಚ್ಚಿರುತ್ತದೆ ಎಂದುಕೊಂಡಿದ್ದೆ. ಗಾತ್ರದಲ್ಲಿ ಹೌದು; ತೂಕದಲ್ಲಿ ಮುಕ್ಕಾಲು ಪಾಲು ಅಡುಗೆಮನೆಯದು. ಅದರಲ್ಲೂ ಸಿಪ್ಪೆಗಿಂತ, 'ನಾಳೆಗೆ ಬೇಕಾಗುತ್ತದೆ' ಎಂದು ಎತ್ತಿಟ್ಟು ಕೆಡಿಸಿದ್ದೇ ಹೆಚ್ಚು. ಅಂಗಡಿ ಮುಚ್ಚೀತೆಂದು ಹೆದರಿ ತಂದು ತುಂಬಿದ್ದು ಕೊಳೆತು ಹೋಗಿತ್ತು. ಪರಿಸರದ ಬಗ್ಗೆ ವೇದಿಕೆ ಹತ್ತಿ ಮಾತನಾಡಿದವನಿಗೆ ಆ ವಾರದ ಕೊನೆಗೆ ಬಹಳ ನಾಚಿಕೆಯಾಯಿತು.

ಗೊಬ್ಬರದ ಕಥೆ ನಿನಗೆ ಹೇಳಲೇಬೇಕು. ಹಳೆಯ ಬಕೆಟ್ಟಿಗೆ ತೂತು ಕೊರೆದು ಹಸಿಕಸ ತುಂಬಿ ಮುಚ್ಚಿಟ್ಟೆ. ಎಂಟನೆಯ ದಿನ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ನಾತ! ಹುಳುಗಳು ಬೇರೆ. ಮನೆಯವರೆಲ್ಲ ಒಂದಾಗಿ ನನ್ನನ್ನೂ ಬಕೆಟ್ಟನ್ನೂ ಹೊರಗಿಡುವ ನಿರ್ಣಯ ಮಾಡಿದರು. ಆಮೇಲೆ ಕುಳಿತು ಓದಿದೆ. ಹಸಿಕಸದಲ್ಲಿ ಸಾರಜನಕ ಜಾಸ್ತಿ, ಒಣಕಸದಲ್ಲಿ ಇಂಗಾಲ ಜಾಸ್ತಿ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕು. ಜೊತೆಗೆ ಗಾಳಿ ಬೇಕು. ಗಾಳಿಯಿಲ್ಲದಿದ್ದರೆ ಬೇರೆ ಜಾತಿಯ ಜೀವಿಗಳು ಆ ಕೆಲಸಕ್ಕೆ ಇಳಿಯುತ್ತವೆ. ನಾತವೂ ಮೀಥೇನ್ ಕೂಡ ಅವುಗಳದೇ ಕೊಡುಗೆ. ದೊಡ್ಡ ಕಸದ ಗುಡ್ಡಗಳ ಒಡಲಲ್ಲಿ ನಡೆಯುವುದೂ ಇದೇ. ನನ್ನ ಬಕೆಟ್ಟು ಅದರ ಮರಿ ಅಷ್ಟೆ. ಒಣಗಿದ ಎಲೆ, ಹರಿದ ರಟ್ಟು, ಹಳೆಯ ಪತ್ರಿಕೆ ಬೆರೆಸಿದೆ, ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿದೆ. ಹಿಂಡಿದ ಬಟ್ಟೆಯಷ್ಟು ತೇವ ಸಾಕು, ಹೆಚ್ಚು ಬೇಡ. ನಾಲ್ಕೇ ದಿನಕ್ಕೆ ನಾತ ಅಡಗಿತು. ನಡುವೆ ಕೈಯಿಟ್ಟರೆ ಬೆಚ್ಚಗಿತ್ತು. ಜ್ವರ ನೋಡಲು ಹಣೆ ಮುಟ್ಟಿ ಮುಟ್ಟಿ ಅಭ್ಯಾಸವಾದ ಈ ದಿನಗಳಲ್ಲಿ, ಬಿಸಿಯಾಗಿದೆ ಎಂದು ಸಂತೋಷಪಟ್ಟದ್ದು ಅದೊಂದನ್ನೇ.

ವಿದ್ಯುತ್ತಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪರದೆ ಕಪ್ಪಾದರೂ ಪ್ಲಗ್ಗಿನಲ್ಲಿದ್ದರೆ ಯಂತ್ರ ಹೀರುತ್ತಲೇ ಇರುತ್ತದೆ ಎನ್ನುವುದು ನಿನಗೂ ಗೊತ್ತು. ಮಲಗುವ ಮುನ್ನ ಒಂದು ಸುತ್ತು ಹಾಕಿ ಸ್ವಿಚ್ಚು ಆರಿಸುತ್ತೇನೆ. ಮಾಸ್ಕಿನ ವಿಷಯದಲ್ಲಿ ಮಾತ್ರ ನಿನ್ನೊಡನೆ ಜಗಳವಿಲ್ಲ. ಒಮ್ಮೆ ಬಳಸಿ ಎಸೆಯುವ ಮಾಸ್ಕ್ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕೇ ಹೌದು, ಮನೆಯಲ್ಲಿ ಕುಳಿತಿರುವ ನಮಗೆ ಒಗೆದು ಹಾಕುವ ಬಟ್ಟೆಯದೇ ಸಾಕು. ಆದರೆ ರೋಗಿಯ ಆರೈಕೆ ಮಾಡುತ್ತಿರುವವರ ಮುಂದೆ ಹೋಗಿ ಪ್ಲಾಸ್ಟಿಕ್ಕಿನ ಪಾಠ ಹೇಳಬೇಡ. ಅಂಥವರನ್ನು ನಮ್ಮ ಗುಂಪಿನಲ್ಲೇ ಒಬ್ಬರು ಟೀಕಿಸಿದ್ದನ್ನು ಕಂಡು ನನಗೆ ಕಸಿವಿಸಿಯಾಯಿತು.

ನಿನಗೆ ಹಿಡಿಸುವ ಕೆಲಸವೊಂದಿದೆ, ಹಕ್ಕಿ ಎಣಿಸುವುದು. ನೀನು ದುರ್ಬೀನು ಹಿಡಿದು ಕಾಡು ಅಲೆದವನು, ಕಿಟಕಿಯನ್ನು ಎಂದೂ ಲೆಕ್ಕಕ್ಕಿಟ್ಟವನಲ್ಲ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಇ-ಬರ್ಡ್ ಎಂಬ ಜಾಲತಾಣದಲ್ಲಿ ಮನೆಯಿಂದ ಕಂಡದ್ದನ್ನೂ ದಾಖಲಿಸಬಹುದು. ಹದಿನೈದು ನಿಮಿಷ ಒಂದೇ ಕಡೆ ಕುಳಿತು ಕಂಡ ಜಾತಿಗಳನ್ನೆಲ್ಲ ಬರೆಯಬೇಕು, ಕಾಗೆ ಗುಬ್ಬಿಯನ್ನೂ ಬಿಡದೆ. ಅಪರೂಪದ್ದನ್ನು ಮಾತ್ರ ಬರೆಯುವ ನಿನ್ನ ಚಾಳಿ ಅಲ್ಲಿ ನಡೆಯದು. ಸಾಮಾನ್ಯ ಹಕ್ಕಿಯೊಂದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಗೊತ್ತಾಗುವುದು ಇಂಥ ಸಪ್ಪೆ ಪಟ್ಟಿಗಳಿಂದಲೇ. ಎರಡು ತಿಂಗಳಿಂದ ದಿನವೂ ಏಳು ಗಂಟೆಗೆ ಕೂರುತ್ತಿದ್ದೇನೆ. ಒಂಬತ್ತು ಜಾತಿಗಿಂತ ಹೆಚ್ಚು ಕಂಡ ದಿನವಿಲ್ಲ, ಬೇಸರವಾದ ದಿನವೂ ಇಲ್ಲ.

ಆದರೂ ಬುಟ್ಟಿ, ಬಕೆಟ್ಟು, ಕಿಟಕಿ ಇಷ್ಟರಲ್ಲೇ ನಮ್ಮ ಕೆಲಸ ಮುಗಿಯಿತೆಂದು ನಾನು ನಂಬಿಲ್ಲ. ನಿಂತುಹೋದ ಕಾರ್ಖಾನೆಗಳನ್ನೂ ವಿಮಾನಗಳನ್ನೂ ಎಬ್ಬಿಸಲು ಸರ್ಕಾರಗಳು ಹಣದ ಚೀಲ ಬಿಚ್ಚುತ್ತಿವೆ. ಯಾವುದಕ್ಕೆ, ಎಂಥ ಷರತ್ತಿನ ಮೇಲೆ ಎನ್ನುವುದು ಈಗಲೇ ತೀರ್ಮಾನವಾಗುತ್ತಿದೆ. 2008ರ ಆರ್ಥಿಕ ಕುಸಿತದ ಹೊತ್ತಿನಲ್ಲೂ ಹೊರಸೂಸುವಿಕೆ ಇಳಿದಿತ್ತು, 2010ರ ಹೊತ್ತಿಗೆ ಇಳಿದದ್ದಕ್ಕಿಂತ ಹೆಚ್ಚೇ ಏರಿತು. ರಸ್ತೆಗಳು ಖಾಲಿಯಿರುವಾಗ ಹಲವು ನಗರಗಳು ಸೈಕಲ್ಲಿಗೆಂದು ಜಾಗ ಬಿಡಿಸಿಕೊಂಡಿವೆ. ಅವು ಗಾಡಿಗಳು ಮರಳಿದ ಮೇಲೂ ಉಳಿಯಬೇಕಾದರೆ ಯಾರಾದರೂ ಕೇಳುತ್ತಲೇ ಇರಬೇಕು. ಆಳುವವರಿಗೆ ಪತ್ರ ಬರೆಯುವುದಕ್ಕೆ ಹೊರಗೆ ಹೋಗಬೇಕಾಗಿಲ್ಲವಲ್ಲ. ನಾನೊಂದು ಕರಡು ಬರೆದಿದ್ದೇನೆ, ಇದರ ಜೊತೆಗಿದೆ. ನನ್ನ ವಾಕ್ಯಗಳು ಉದ್ದ, ನಿನ್ನ ಕತ್ತರಿ ಹರಿತ. ತಿದ್ದಿ ಗುರುವಾರದೊಳಗೆ ಕಳುಹಿಸು. ಹಳೆಯ ಗುಂಪಿನ ಆರು ಜನ ಸಹಿ ಮಾಡಲು ಒಪ್ಪಿದ್ದಾರೆ, ಏಳನೆಯ ಜಾಗ ನಿನಗೆ ಕಾದಿರಿಸಿದ್ದೇನೆ.

ನಿನ್ನವನೇ,
ಜಗಳಗಂಟ ಗೆಳೆಯ

ಮರೆತಿದ್ದೆ: ಬಕೆಟ್ಟಿಗೆ ತೂತು ಕೊರೆಯುವುದಾದರೆ ತಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಕೊರೆ. ತಳಕ್ಕೊಂದು ತಟ್ಟೆ ಇಡು. ನಾನು ಇಟ್ಟಿರಲಿಲ್ಲ, ನೆಲದ ಮೇಲಿನ ಕಲೆ ಇನ್ನೂ ಹೋಗಿಲ್ಲ.